ಸಂಗಮದ ಸ್ನಾನ, ದಂಡೆಯ ಬುತ್ತಿ

ಜನವರಿ ಎರಡನೇ ವಾರ ಬಂತೆಂದರೆ ಪತ್ರಿಕೆಗಳಲ್ಲಿ, ಟಿ.ವಿ. ಚರ್ಚೆಗಳಲ್ಲಿ, ಶಾಲೆಯ ಶಿಕ್ಷಕರ ಕೋಣೆಯಲ್ಲಿ ಒಂದು ವಾದ ತಪ್ಪದೆ ಏಳುತ್ತದೆ. ಸಂಕ್ರಾಂತಿ ದೇವರ ಹಬ್ಬವೋ, ದುಡಿಯುವವರ ಹಬ್ಬವೋ? ಒಂದು ಕಡೆಯವರು ಉತ್ತರಾಯಣದ ಪುಣ್ಯಕಾಲ, ತೀರ್ಥಸ್ನಾನ, ಎಳ್ಳುದಾನ, ಶರಶಯ್ಯೆಯ ಮೇಲೆ ಕಾದ ಭೀಷ್ಮ ಎನ್ನುತ್ತಾರೆ. ಇನ್ನೊಂದು ಕಡೆಯವರು ಇದು ಸುಗ್ಗಿ, ರೈತನ ಹಬ್ಬ, ಯಾವ ಧರ್ಮದ್ದೂ ಅಲ್ಲ, ಆದ್ದರಿಂದ ಎಲ್ಲರದ್ದು ಎನ್ನುತ್ತಾರೆ. ಎರಡು ಮಾತೂ ಕೇಳಲು ಚೊಕ್ಕವಾಗಿವೆ. ಆದರೆ ಬಾದಾಮಿ, ಗುಳೇದಗುಡ್ಡ, ಹುನಗುಂದ, ಇಳಕಲ್ಲಿನ ಜನ ಸಂಕ್ರಮಣದ ದಿನ ನಿಜವಾಗಿ ಏನು ಮಾಡುತ್ತಾರೆ ಎಂದು ನೋಡಿದರೆ ಎರಡೂ ಸಾಲುವುದಿಲ್ಲ.

ನಮ್ಮ ಕಡೆ ಅವತ್ತು ಜನ ಹೊಳೆಗೆ ಹೋಗುತ್ತಾರೆ. ಖಾನಾಪುರ ತಾಲ್ಲೂಕಿನ ಕನಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಶಿವಯೋಗ ಮಂದಿರ, ಪಟ್ಟದಕಲ್ಲು, ಐಹೊಳೆಗಳ ಮಗ್ಗುಲಲ್ಲಿ ಹಾದು ಹುನಗುಂದ ತಾಲ್ಲೂಕಿನ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಬೆಳಿಗ್ಗೆ ಮೈಗೆ ಅರೆದ ಎಳ್ಳು ಹಚ್ಚಿಕೊಂಡು ಮಿಂದು, ಟ್ರ್ಯಾಕ್ಟರ್, ಟಂಟಂ, ಬಸ್ಸು ಹಿಡಿದು, ಬುತ್ತಿಯ ಗಂಟು ಹೊತ್ತು ಸಂಗಮಕ್ಕೆ ಬರುವವರು ಸಾವಿರಾರು. ಅಲ್ಲಿಯವರೆಗೆ ಹೋಗಲಾಗದವರಿಗೆ ತಮ್ಮೂರ ಹೊಳೆಯ ದಂಡೆಯೇ ಸಂಗಮ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಬದನೆಕಾಯಿ ಎಣ್ಣಿಗಾಯಿ, ಗುರೆಳ್ಳು ಹಿಂಡಿ, ಶೇಂಗಾ ಹೋಳಿಗೆ, ಮಾದಲಿ, ಗಟ್ಟಿ ಮೊಸರು, ಚಳಿಗಾಲಕ್ಕೆಂದೇ ಮಾಡಿಟ್ಟ ಕರಿಂಡಿ. ನೀರಿಗಿಳಿದು ಮೂರು ಸಲ ಮುಳುಗೇಳುವವರು ಇದ್ದಾರೆ, ಕಾಲು ತೊಳೆದು ಮೇಲೆ ಬರುವವರು ಇದ್ದಾರೆ, ನೀರಿನ ಗೊಡವೆಗೇ ಹೋಗದೆ ನೆರಳು ನೋಡಿ ಜಮಖಾನೆ ಹಾಸುವವರೂ ಇದ್ದಾರೆ. ಬುತ್ತಿ ಬಿಚ್ಚುವಾಗ ಮಾತ್ರ ಎಲ್ಲರೂ ಒಂದೇ.

ಈ ನೋಟವನ್ನು ಸುಲಭಕ್ಕೆ ಅರ್ಥೈಸಲು ಬಿಡದ ಸಂಗತಿಯೊಂದು ಅದೇ ನೆಲದಲ್ಲಿದೆ. ಕೂಡಲಸಂಗಮ ಬಸವಣ್ಣನವರು ವಿದ್ಯೆ ಕಲಿತ ಊರು, ಅವರು ಐಕ್ಯರಾದ ಊರು, ಅವರ ವಚನಗಳ ಅಂಕಿತವೇ ಆದ ಊರು. ಹೊಳೆಯಲ್ಲಿ ಮುಳುಗಿದರೆ ಪಾಪ ತೊಳೆಯುತ್ತದೆ ಎಂಬ ನಂಬಿಕೆಯನ್ನು, ಈ ದಿನ ಶ್ರೇಷ್ಠ ಆ ದಿನ ಕನಿಷ್ಠ ಎಂಬ ಪಂಚಾಂಗದ ಲೆಕ್ಕವನ್ನು, ಗ್ರಹಣ ಸಂಕ್ರಮಣಗಳ ಭಯಭಕ್ತಿಯನ್ನು 12ನೇ ಶತಮಾನದ ಶರಣರು ಖಂಡತುಂಡವಾಗಿ ನಿರಾಕರಿಸಿದರು. ಶಿವನನ್ನು ನೆನೆದ ಹೊತ್ತೇ ಒಳ್ಳೆಯ ಹೊತ್ತು ಎಂಬುದು ಅವರ ನಿಲುವು. ಆ ನಿಲುವಿನ ಹಿರಿಯರ ಐಕ್ಯಸ್ಥಳದ ಮುಂದೆಯೇ, ಸಂಕ್ರಮಣದ ಪುಣ್ಯಕಾಲವೆಂದು, ಜನ ನೀರಿಗಿಳಿಯುತ್ತಾರೆ. ಅದೇ ವಾರ, ಅದೇ ಊರಲ್ಲಿ, ಬಸವ ಧರ್ಮ ಪೀಠದವರು ಶರಣ ಮೇಳ ನಡೆಸುತ್ತಾರೆ. ಲಿಂಗಾನಂದ ಸ್ವಾಮೀಜಿ ಮತ್ತು ಮಾತೆ ಮಹಾದೇವಿಯವರು 1980ರ ದಶಕದ ಕೊನೆಗೆ ಆರಂಭಿಸಿದ ಈ ಮೇಳ ತಿಥಿವಾರ ನಂಬದವರ ಮೇಳ. ಸಂಕ್ರಾಂತಿಯ ಆಸುಪಾಸನ್ನೇ ಅದು ಹಿಡಿದುಕೊಂಡದ್ದರಲ್ಲಿ ನನಗೆ ಕಾಣುವ ಕಾರಣ ಸರಳ: ಜನಕ್ಕೆ ಬಿಡುವಿರುವ ಕಾಲ ಅದು, ಹೇಗೂ ಜನ ಅಲ್ಲಿಗೆ ಬರುವ ಕಾಲ ಅದು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಸಂಕ್ರಾಂತಿಯ ಪುಣ್ಯಸ್ನಾನವನ್ನು ಈ ನಾಡಿನಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ಪ್ರಶ್ನಿಸಿದವರು ನಾಸ್ತಿಕರಲ್ಲ. ಸರ್ಕಾರವಲ್ಲ, ವಿಜ್ಞಾನ ಪರಿಷತ್ತೂ ಅಲ್ಲ. ದೇವರನ್ನು ಉಸಿರಿನಷ್ಟು ಹತ್ತಿರ ಇಟ್ಟುಕೊಂಡವರೇ ಅದನ್ನು ಪ್ರಶ್ನಿಸಿದರು. ಧಾರ್ಮಿಕ ಅರ್ಥ ಒಂದು ದಂಡೆ, ಲೌಕಿಕ ಅರ್ಥ ಇನ್ನೊಂದು ದಂಡೆ ಎಂದು ಎದುರುಬದುರು ನಿಲ್ಲಿಸಿ ವಾದಿಸುವವರ ಕಣ್ಣಿಗೆ ಈ ಮೂರನೆಯ ಜಾಗ ಬೀಳುವುದೇ ಇಲ್ಲ.

ಶಿವಯೋಗ ಮಂದಿರದ ಉದಾಹರಣೆ ನೋಡಿ. ಹಾನಗಲ್ಲ ಕುಮಾರಸ್ವಾಮಿಗಳು 1904ರಲ್ಲಿ ಧಾರವಾಡದಲ್ಲಿ ವೀರಶೈವ ಮಹಾಸಭೆಯನ್ನು ಕಟ್ಟಿದರು, ಐದು ವರ್ಷದ ಮೇಲೆ 1909ರಲ್ಲಿ ಮಲಪ್ರಭೆಯ ದಂಡೆಯ ಮೇಲೆ ಈ ಸಂಸ್ಥೆಯನ್ನು ಸ್ಥಾಪಿಸಿದರು. ಮಠಗಳಿಗೆ ಓದು, ಯೋಗ, ಆಚಾರ ಬಲ್ಲ ಸ್ವಾಮಿಗಳು ಬೇಕು ಎಂಬುದು ಅವರ ಹಂಬಲವಾಗಿತ್ತು. ನಾಡಿನ ನೂರಾರು ಮಠಗಳ ಸ್ವಾಮಿಗಳು ಇಲ್ಲಿ ವಟುಗಳಾಗಿ ಬೆಳೆದವರು. ಇಲ್ಲಿಯ ಗೋಶಾಲೆಯ ಸಗಣಿಯಿಂದ ತಯಾರಾಗುವ ವಿಭೂತಿ ಗಟ್ಟಿಗಳು ನಾಡಿನ ಎಷ್ಟೋ ಮನೆಗಳ ದೇವರ ಜಗಲಿಯ ಮೇಲಿವೆ. ಹೊಳೆಯ ಮಗ್ಗುಲಲ್ಲೇ ನಿಂತ ಈ ಸಂಸ್ಥೆ ಕಲಿಸುವ ಅಷ್ಟಾವರಣದಲ್ಲಿ ಹೊಳೆಗೆ ಜಾಗವಿಲ್ಲ. ಗುರು, ಲಿಂಗ, ಜಂಗಮ, ಪಾದೋದಕ, ಪ್ರಸಾದ, ವಿಭೂತಿ, ರುದ್ರಾಕ್ಷಿ, ಮಂತ್ರ, ಇಷ್ಟೇ. ಅಲ್ಲಿ ಪವಿತ್ರವಾದ ನೀರು ಎಂದರೆ ಪಾದೋದಕ. ದೇವರು ಅಂಗೈಯ ಮೇಲಿನ ಇಷ್ಟಲಿಂಗ. ಆ ಪೂಜೆಗೆ ಸೂರ್ಯ ಯಾವ ರಾಶಿಯಲ್ಲಿದ್ದಾನೆ ಎಂಬ ಲೆಕ್ಕ ಬೇಕಿಲ್ಲ, ಮಲಪ್ರಭೆಯಲ್ಲಿ ನೀರಿದೆಯೋ ಮರಳಿದೆಯೋ ಎಂಬುದೂ ಬೇಕಿಲ್ಲ. ವೀರಶೈವ ಮತ್ತು ಲಿಂಗಾಯತ ಒಂದೇ ಹೌದೋ ಅಲ್ಲವೋ ಎಂಬ ಜಗಳ 2018ರ ಮಾರ್ಚ್‌ನಲ್ಲಿ ಲಿಂಗಾಯತ ಪ್ರತ್ಯೇಕ ಧರ್ಮದ ಬಗೆಗಿನ ನಾಗಮೋಹನ ದಾಸ್ ಸಮಿತಿಯ ವರದಿಯನ್ನು ರಾಜ್ಯ ಸಂಪುಟ ಒಪ್ಪಿದಾಗ ತಾರಕಕ್ಕೇರಿತ್ತು. ಪಂಚಾಚಾರ್ಯರ ಪರಂಪರೆಯನ್ನು ಹಿಡಿದವರು, ಬಸವ ಪರಂಪರೆಯನ್ನು ಹಿಡಿದವರು ಹಲವು ಪ್ರಶ್ನೆಗಳಲ್ಲಿ ಎದುರುಬದುರು ನಿಂತರು. ಅಂಗದ ಮೇಲಿನ ಲಿಂಗವೇ ಮುಖ್ಯ ಎಂಬಲ್ಲಿ ಮಾತ್ರ ಇಬ್ಬರಿಗೂ ತಕರಾರಿಲ್ಲ.

ಹಾಗಾದರೆ ಸಂಕ್ರಮಣದ ಧಾರ್ಮಿಕ ಅರ್ಥ ಯಾರೋ ಇತ್ತೀಚೆಗೆ ತಂದು ಅಂಟಿಸಿದ್ದೇ? ಅಲ್ಲ. ಸುಗ್ಗಿವಾದಿಗಳು ಹೀಗೆ ಹೇಳುವಾಗ ಚರಿತ್ರೆಯನ್ನು ಮರೆಯುತ್ತಾರೆ. ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಲ್ಲಿ ಉತ್ತರಾಯಣ ಸಂಕ್ರಮಣದ ನಿಮಿತ್ತ ದೇಗುಲಕ್ಕೆ, ಕೆರೆಗೆ, ವಿದ್ಯಾರ್ಥಿಗಳ ಊಟಕ್ಕೆ ಭೂಮಿ ಬಿಟ್ಟ ದಾಖಲೆಗಳು ಮತ್ತೆ ಮತ್ತೆ ಸಿಗುತ್ತವೆ. ದಾನ ಕೊಡಲು ಅದು ಹೆಸರಾದ ದಿನ. ಶರಣರು ಪ್ರಶ್ನಿಸಿದ್ದು ಅಂಥ ಗಟ್ಟಿ ಬೇರಿದ್ದ ಆಚರಣೆಯನ್ನೇ.

ಆದರೆ ಪುಣ್ಯಕಾಲದ ಪರ ವಾದಿಸುವವರಿಗೂ ಆಕಾಶ ಒಂದು ತೊಡಕು ಇಟ್ಟಿದೆ. ಸೂರ್ಯ ಉತ್ತರದ ಕಡೆ ತಿರುಗುವುದು ಡಿಸೆಂಬರ್ 21 ಅಥವಾ 22ಕ್ಕೆ. ನಾವು ಸಂಕ್ರಾಂತಿ ಆಚರಿಸುವುದು ಜನವರಿ 14 ಅಥವಾ 15ಕ್ಕೆ. ಸುಮಾರು 1700 ವರ್ಷದ ಹಿಂದೆ ಈ ಎರಡೂ ಒಂದೇ ದಿನ ಬೀಳುತ್ತಿದ್ದವು. ಭೂಮಿಯ ಅಕ್ಷ ನಿಧಾನಕ್ಕೆ ತೊನೆಯುವುದರಿಂದ ನಕ್ಷತ್ರಗಳನ್ನು ಆಧರಿಸಿದ ಪಂಚಾಂಗ ಋತುಗಳಿಂದ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಸರಿಯುತ್ತ ಬಂದಿದೆ. ಸ್ವಾಮಿ ವಿವೇಕಾನಂದರು ಹುಟ್ಟಿದ್ದು 1863ರ ಜನವರಿ 12ರಂದು, ಅವತ್ತು ಮಕರ ಸಂಕ್ರಾಂತಿ. 2024ರಲ್ಲಿ ಸಂಕ್ರಾಂತಿ ಬಂದದ್ದು ಜನವರಿ 15ಕ್ಕೆ. ಪಂಚಾಂಗಗಳ ಇಂಥ ತೊಡಕುಗಳನ್ನು ಸರಿಪಡಿಸಲು ಸ್ವತಂತ್ರ ಭಾರತ 1952ರಲ್ಲಿ ಖ್ಯಾತ ಭೌತವಿಜ್ಞಾನಿ ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ ಪಂಚಾಂಗ ಸುಧಾರಣಾ ಸಮಿತಿ ನೇಮಿಸಿತು. 1955ರಲ್ಲಿ ವರದಿ ಬಂತು, 1957ರ ಮಾರ್ಚ್ 22ರಿಂದ ಶಕ ರಾಷ್ಟ್ರೀಯ ಪಂಚಾಂಗ ಜಾರಿಯಾಯಿತು. ಅದರ ಪ್ರಕಾರ ಪೌಷ ಮಾಸ ಶುರುವಾಗುವುದು ಡಿಸೆಂಬರ್ 22ಕ್ಕೆ, ಅಂದರೆ ಸೂರ್ಯ ನಿಜವಾಗಿ ತಿರುಗುವ ಹೊತ್ತಿಗೆ. ಸರ್ಕಾರದ ರಾಜಪತ್ರದ ಮೇಲೆ ಈ ಶಕ ತಾರೀಖು ಇವತ್ತಿಗೂ ಅಚ್ಚಾಗುತ್ತದೆ. ಹಬ್ಬ ಮಾತ್ರ ಹಳೆಯ ಲೆಕ್ಕದಲ್ಲೇ ಉಳಿಯಿತು. ಅದಕ್ಕೆ ನನ್ನ ತಕರಾರಿಲ್ಲ. ಜನ ಆಕಾಶ ನೋಡಿ ಹಬ್ಬ ಮಾಡುತ್ತಿಲ್ಲ, ಅಜ್ಜ ಅಮ್ಮ ಮಾಡಿದ ದಿನ ಮಾಡುತ್ತಿದ್ದಾರೆ. ಆದರೆ ಉತ್ತರಾಯಣದ ನಿಖರ ಗಳಿಗೆಯಲ್ಲೇ ಮುಳುಗಿದರೆ ಮಾತ್ರ ಫಲ ಎನ್ನುವವರು ಆ ಗಳಿಗೆ ಮೂರು ವಾರದ ಹಿಂದೆಯೇ ಹೋಯಿತು ಎಂಬುದಕ್ಕೆ ಉತ್ತರ ಹುಡುಕಬೇಕು.

ಇನ್ನು ಸುಗ್ಗಿಯ ಮಾತು. ಗದ್ದೆ ಕೊಯ್ದು, ಕಣ ಮಾಡಿ, ಎತ್ತುಗಳಿಗೆ ಕಿಚ್ಚು ಹಾಯಿಸುವ ಹಳೆ ಮೈಸೂರಿನ ಸಂಕ್ರಾಂತಿಯನ್ನು ನೋಡಿ ಇದು ಸುಗ್ಗಿ ಹಬ್ಬ ಎಂದರೆ ಒಪ್ಪಬಹುದು. ನಮ್ಮ ಎರೆ ಹೊಲಗಳಲ್ಲಿ ಆ ಲೆಕ್ಕ ಕೂಡುವುದಿಲ್ಲ. ಮುಂಗಾರಿನ ಸಜ್ಜೆ, ಎಳ್ಳು ಮನೆಗೆ ಬಂದಿರುತ್ತವೆ, ತೊಗರಿ ಕೊಯ್ಲಿನಲ್ಲಿರುತ್ತದೆ, ಸರಿ. ಆದರೆ ನಮ್ಮ ಹೊಟ್ಟೆಯ ಬೆಳೆ ಹಿಂಗಾರಿನ ಬಿಳಿಜೋಳ. ಜನವರಿ ನಡುವಿಗೆ ಅದು ಇನ್ನೂ ಹೊಲದಲ್ಲೇ ನಿಂತಿರುತ್ತದೆ. ತೆನೆಯಲ್ಲಿ ಹಾಲುಗಾಳು, ಕೆಂಡದಲ್ಲಿ ಸುಟ್ಟು ಉಜ್ಜಿ ತಿನ್ನುವ ಸೀತನಿಯ ಕಾಲ ಅದು. ಕಡಲೆ ಇನ್ನೂ ಹಸಿ, ಕುಸುಬಿ ಹೂವಿನಲ್ಲಿ, ಗೋಧಿ ಹಸಿರಿನಲ್ಲಿ. ರಾಶಿ ಮಾಡುವುದಕ್ಕೆ ಇನ್ನೂ ತಿಂಗಳು ಮೇಲಿರುತ್ತದೆ. ಆದ್ದರಿಂದ ನಮ್ಮ ಸಂಕ್ರಮಣ ಬೆಳೆ ಕೈಸೇರಿದ ಸಂತೋಷವಲ್ಲ, ಬೆಳೆ ಇನ್ನೂ ಹೊಲದಲ್ಲಿರುವಾಗಿನ ಆಸೆ. ಇಬ್ಬನಿ ಹೆಚ್ಚಾದರೆ, ಅಕಾಲಿಕ ಮಳೆ ಬಿದ್ದರೆ, ಹಕ್ಕಿ ಮುತ್ತಿದರೆ ಎಂಬ ಅಂಜಿಕೆ ಅದರ ಬೆನ್ನಿಗೇ ಇರುತ್ತದೆ.

ಈ ಆಸೆ ಸ್ಪಷ್ಟವಾಗಿ ಕಾಣುವುದು ಸಂಕ್ರಮಣಕ್ಕೆ ಸ್ವಲ್ಪ ಮುಂಚೆ ಬರುವ ಎಳ್ಳ ಅಮಾವಾಸ್ಯೆಯಲ್ಲಿ. ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಬನ್ನಿ ಗಿಡದ ಕೆಳಗೆ ಐದು ಕಲ್ಲಿಟ್ಟು ಸುಣ್ಣ ಬಳಿದು ಪಾಂಡವರೆಂದು ಪೂಜಿಸಿ, ಮಾಡಿದ ಅಡುಗೆಯನ್ನು ಕಲಸಿ ಬೆಳೆಯ ನಡುವೆ ಚರಗ ಚೆಲ್ಲುತ್ತಾರೆ. ಹುಲ್ಲುಲ್ಲಿಗೋ ಎಂಬ ಕೂಗು ಹೊಲದಿಂದ ಹೊಲಕ್ಕೆ ಹೋಗುತ್ತದೆ. ಭೂಮಿತಾಯಿ ತುಂಬಿದ ಬಸುರಿ, ಅವಳ ಬಯಕೆ ತೀರಿಸಬೇಕು ಎಂಬುದು ಅದರ ಹಿಂದಿನ ಭಾವ. ಪುರೋಹಿತರಿಲ್ಲ, ಮಂತ್ರವಿಲ್ಲ, ಮುಹೂರ್ತವಿಲ್ಲ. ಆದರೆ ಬರೀ ಲೌಕಿಕ ಎಂದು ಕರೆಯಲು ಆಗುತ್ತದೆಯೇ? ಚರಗದ ಮೊದಲ ತುತ್ತನ್ನು ನೆಲಕ್ಕೆ ಹಾಕುವ ಹೆಣ್ಣುಮಗಳ ಮುಖ ನೋಡಿದವರು ಹಾಗೆ ಅನ್ನಲಾರರು. ಸುಗ್ಗಿವಾದಿಗಳು ಜನರನ್ನು ಮೂಢನಂಬಿಕೆಯಿಂದ ಬಿಡಿಸುವ ಭರದಲ್ಲಿ ಅವರ ಭಕ್ತಿಯನ್ನೂ ಲೆಕ್ಕದಿಂದ ಬಿಡುತ್ತಾರೆ. ರೈತ ಎಂದರೆ ಬೆಲೆ, ಬೆಳೆ, ಸಾಲ ಮಾತ್ರವಲ್ಲ.

ಸಂಕ್ರಮಣದ ಅಕ್ಕಪಕ್ಕದಲ್ಲೇ ಪುಷ್ಯದ ಬನದ ಹುಣ್ಣಿಮೆಗೆ ಚೊಳಚಗುಡ್ಡದ ಬನಶಂಕರಿ ಜಾತ್ರೆ. ತೇರಿನ ಹಿಂದಿನ ದಿನ ಪಲ್ಲೇದ ಹಬ್ಬ, ತರತರದ ಕಾಯಿಪಲ್ಲೆಗಳ ಪಲ್ಯ ಮಾಡಿ ದೇವಿಗೆ ಎಡೆ. ತೇರು ಎಳೆದ ಮೇಲೆ ವಾರಗಟ್ಟಲೆ ನಾಟಕ ಕಂಪನಿಗಳ ಥೇಟರುಗಳು, ಬಾಗಿಲು ಚೌಕಟ್ಟಿನ ಸಾಲು ಅಂಗಡಿಗಳು, ಇಳಕಲ್ ಸೀರೆ, ಗುಳೇದಗುಡ್ಡ ಖಣ, ದನದ ಪೇಟೆ. ದೇವಿಯ ದರ್ಶನಕ್ಕೆ ಬಂದವರೇ ನಾಟಕಕ್ಕೂ ಟಿಕೆಟ್ ಕೊಳ್ಳುತ್ತಾರೆ, ನಾಟಕಕ್ಕೆ ಬಂದವರೇ ದೇವಿಗೂ ಕಾಯಿ ಒಡೆಸುತ್ತಾರೆ. ಮಠದ ಕೆಲಸವೂ ಹೀಗೆಯೇ ಬೆರೆತದ್ದು: ಇಳಕಲ್ಲಿನ ಮಹಾಂತ ಸ್ವಾಮೀಜಿಯವರು 1975ರಿಂದ ಜೋಳಿಗೆ ಹಿಡಿದು ಊರೂರು ತಿರುಗಿ ಜನರಿಂದ ದುಶ್ಚಟಗಳನ್ನು ಭಿಕ್ಷೆ ಬೇಡಿದರು. ಕುಡಿತ, ತಂಬಾಕು ಬಿಡುತ್ತೇನೆಂದು ಸಾವಿರಾರು ಜನ ಆ ಜೋಳಿಗೆಗೆ ಹಾಕಿದರು. ಜೋಳಿಗೆ ಮಠದ್ದು, ಕೆಲಸ ಆರೋಗ್ಯ ಇಲಾಖೆಯದ್ದು. ಅದನ್ನು ಯಾವ ಕಡತದಲ್ಲಿ ಇಡುವುದು?

ಈ ವಾದ ನಮ್ಮಲ್ಲಿ ಮಾತ್ರ ಇಲ್ಲ. ಪಕ್ಕದ ತಮಿಳುನಾಡಿನಲ್ಲಿ ದ್ರಾವಿಡ ಚಳವಳಿ ಪೊಂಗಲ್ಲನ್ನು ಜಾತಿಮತ ಮೀರಿದ ತಮಿಳರ ಹಬ್ಬ ಎಂದು ಎತ್ತಿ ಹಿಡಿಯಿತು. 2008ರಲ್ಲಿ ಅಲ್ಲಿಯ ಡಿಎಂಕೆ ಸರ್ಕಾರ ತೈ ತಿಂಗಳ ಮೊದಲ ದಿನವನ್ನೇ ತಮಿಳು ಹೊಸ ವರ್ಷವೆಂದು ಕಾನೂನು ಮಾಡಿತು, 2011ರಲ್ಲಿ ಎಐಎಡಿಎಂಕೆ ಸರ್ಕಾರ ಅದನ್ನು ರದ್ದು ಮಾಡಿತು. ದೂರದ ಅಮೆರಿಕದಲ್ಲಿ ಇದೇ ಜಗಳ ಕ್ರಿಸ್‌ಮಸ್ ಸುತ್ತ ನಡೆದಿದೆ. ಅಲ್ಲಿಯೂ ಹಬ್ಬವನ್ನು ಮೊದಲು ತಡೆದವರು ಕಡು ಭಕ್ತರು. ಬೈಬಲ್ಲಿನಲ್ಲಿ ಈ ಹಬ್ಬದ ಅಪ್ಪಣೆಯಿಲ್ಲ ಎಂದು ಮ್ಯಾಸಚೂಸೆಟ್ಸಿನ ಪ್ಯೂರಿಟನ್ನರು 1659ರಲ್ಲಿ ಕ್ರಿಸ್‌ಮಸ್ ಆಚರಿಸುವವರಿಗೆ ಐದು ಶಿಲ್ಲಿಂಗ್ ದಂಡ ಹಾಕಿದರು, 1681ರವರೆಗೆ ಆ ಕಾನೂನು ಇತ್ತು. 1870ರಲ್ಲಿ ಅದೇ ದೇಶ ಅದನ್ನು ಸರ್ಕಾರಿ ರಜೆ ಮಾಡಿತು. 1984ರಲ್ಲಿ ರೋಡ್ ಐಲೆಂಡಿನ ಪಾಟಕೆಟ್ ಎಂಬ ಊರಿನ ನಗರಸಭೆ ಪ್ರತಿ ವರ್ಷ ನಿಲ್ಲಿಸುತ್ತಿದ್ದ ಬಾಲಯೇಸುವಿನ ಗೊಂಬೆಗಳ ಪ್ರಕರಣ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಐದು–ನಾಲ್ಕರ ಬಹುಮತದಲ್ಲಿ ಗೊಂಬೆಗಳು ಗೆದ್ದವು. ಸುತ್ತ ಸಾಂತಾಕ್ಲಾಸ್, ಸಾರಂಗ, ದೀಪದ ಸರಗಳೆಲ್ಲ ಇದ್ದುದರಿಂದ ಒಟ್ಟು ನೋಟ ರಜೆಯ ಸಂಭ್ರಮದ್ದು ಎಂಬುದು ಆ ಬಹುಮತದ ವಾದದಲ್ಲಿ ಮುಖ್ಯವಾಗಿತ್ತು. ಭಿನ್ನಮತ ಬರೆದ ನ್ಯಾಯಮೂರ್ತಿಗಳಲ್ಲಿ ಹ್ಯಾರಿ ಬ್ಲ್ಯಾಕ್‌ಮನ್ ಅವರ ಆಕ್ಷೇಪ ಬಹಳ ಆಳದ್ದು. ಯೇಸುವಿನ ಜನನವನ್ನು ವ್ಯಾಪಾರದ ಕಾಲದ ಅಲಂಕಾರದ ಮಟ್ಟಕ್ಕೆ ಇಳಿಸಿ ಗೆಲ್ಲಿಸಿದಿರಿ, ನಂಬುವವನಿಗೆ ಇದರಿಂದ ಏನು ಉಳಿಯಿತು ಎಂಬುದು ಅದರ ತಾತ್ಪರ್ಯ.

ಸಂಕ್ರಾಂತಿಗೆ ಲೌಕಿಕದ ಅಂಗಿ ತೊಡಿಸಿ ಸರ್ಕಾರಿ ವೇದಿಕೆಗೆ ತರುವವರು ಈ ಭಿನ್ನಮತವನ್ನು ಓದಬೇಕು. 2022ರ ಜನವರಿ 14ರಂದು ಕೇಂದ್ರದ ಆಯುಷ್ ಸಚಿವಾಲಯ ಸಂಕ್ರಾಂತಿಯ ನಿಮಿತ್ತ ದೇಶದಾದ್ಯಂತ ಸಾಮೂಹಿಕ ಸೂರ್ಯನಮಸ್ಕಾರ ನಡೆಸಿತು, 75 ಲಕ್ಷ ಜನರ ಗುರಿ ಇಟ್ಟುಕೊಂಡಿತ್ತು. ಇದು ಆರೋಗ್ಯದ ಕಾರ್ಯಕ್ರಮ ಎಂದಿತು. ಅದೇ ತಿಂಗಳು ಶಾಲೆಗಳಲ್ಲಿ ಸೂರ್ಯನಮಸ್ಕಾರ ಮಾಡಿಸುವ ಯೋಜನೆಗೆ ಅಖಿಲ ಭಾರತ ಮುಸ್ಲಿಂ ವೈಯಕ್ತಿಕ ಕಾನೂನು ಮಂಡಳಿ ವಿರೋಧ ಹೇಳಿತು: ಇದು ಸೂರ್ಯನ ಪೂಜೆ, ನಮ್ಮ ಮಕ್ಕಳಿಗೆ ಒಪ್ಪಿತವಲ್ಲ ಎಂದು. ವಾದ ಕೂಡಲೇ ಹಿಂದೂ–ಮುಸ್ಲಿಂ ಜಗಳವಾಯಿತು. ಆಗ ಯಾರೂ ಕೇಳದ ಪ್ರಶ್ನೆ ಒಂದಿತ್ತು. ಏಕದೇವನಿಷ್ಠೆಯ ಶರಣರ ಮುಂದೆ ಈ ಪ್ರಶ್ನೆ ಇಟ್ಟಿದ್ದರೆ ಏನು ಹೇಳುತ್ತಿದ್ದರು? ಸೂರ್ಯ, ಚಂದ್ರ, ಮರ, ಕಲ್ಲುಗಳಿಗೆ ಬೇರೆ ಬೇರೆ ಪೂಜೆ ಸಲ್ಲಿಸುವುದನ್ನು ಅವರು ಒಪ್ಪಿದವರಲ್ಲ. ಆ ನಮಸ್ಕಾರವನ್ನು ಮನಸಾರೆ ಪೂಜೆಯೆಂದು ಮಾಡುವವನಿಗೂ ಅದನ್ನು ವ್ಯಾಯಾಮ ಎಂದು ಕರೆದದ್ದು ನ್ಯಾಯವಲ್ಲ. ಮಾಡಲಾರೆ ಎನ್ನುವವನಿಗೆ ವ್ಯಾಯಾಮ ತಾನೇ, ಯಾಕೆ ಹಟ ಎಂದು ಒತ್ತಾಯಿಸುವುದೂ ನ್ಯಾಯವಲ್ಲ. ಸರ್ಕಾರ ಹಬ್ಬಕ್ಕೆ ರಜೆ ಕೊಡಲಿ, ಹೊಳೆಯ ದಂಡೆಗೆ ಕುಡಿಯುವ ನೀರು, ಶೌಚಾಲಯ, ಈಜುಗಾರರು, ಬಸ್ಸು ಕೊಡಲಿ. ಕೂಡಲಸಂಗಮದಲ್ಲಿ ಇವತ್ತು ನಾವು ನೋಡುವ ತುಂಬಿದ ನೀರು ನಾರಾಯಣಪುರದ ಬಸವಸಾಗರದ ಹಿನ್ನೀರು, ಐಕ್ಯಸ್ಥಳವನ್ನು ಆ ನೀರಿನಿಂದ ಉಳಿಸಲು ಸುತ್ತ ಗೋಡೆ ಕಟ್ಟಿ ಬಾವಿಯೊಳಗೆ ಇಳಿಯುವಂತೆ ಮಾಡಿದ್ದೂ ಎಂಜಿನಿಯರುಗಳೇ. ಸರ್ಕಾರ ಮಾಡಬೇಕಾದ್ದು ಅಂಥ ಕೆಲಸ. ಆ ನೀರಿನಲ್ಲಿ ಯಾಕೆ ಮುಳುಗಬೇಕು ಅಥವಾ ಯಾಕೆ ಮುಳುಗಬಾರದು ಎಂಬುದನ್ನು ಮುಳುಗುವವರಿಗೇ ಬಿಡಬೇಕು.

ಅರ್ಥದ ಪ್ರಶ್ನೆಯನ್ನು ಜನಕ್ಕೆ ಬಿಟ್ಟ ಮೇಲೆ ಉಳಿಯುವ ಪ್ರಶ್ನೆ ನನಗೆ ಹೆಚ್ಚು ತುರ್ತಿನದು: ಆ ದಿನದ ಬುತ್ತಿಯ ಪಂಕ್ತಿಯಲ್ಲಿ ಯಾರಿಗೆ ಜಾಗವಿದೆ, ಯಾರಿಗಿಲ್ಲ? ಕುಸುರೆಳ್ಳಿನ ವಿಷಯವನ್ನೇ ನೋಡೋಣ. ಹುರಿದ ಎಳ್ಳಿಗೆ ಸಣ್ಣ ಉರಿಯ ಮೇಲೆ ಸಕ್ಕರೆ ಪಾಕವನ್ನು ಚಮಚದಷ್ಟು ಚಮಚದಷ್ಟೇ ಹಾಕುತ್ತ, ಕೈಯಾಡಿಸುತ್ತ, ದಿನಗಟ್ಟಲೆ ಕೂತರೆ ಮುಳ್ಳು ಏಳುತ್ತವೆ. ಆ ತಾಳ್ಮೆಯೆಲ್ಲ ಹೆಂಗಸರದ್ದು. ಸಂಜೆ ಅದನ್ನು ಹಂಚಿ, ಎಳ್ಳು ಬೆಲ್ಲದಂಗ ಇರೋಣು ಎನ್ನುತ್ತಾರೆ. ಸಣ್ಣ ಮಕ್ಕಳ ತಲೆಯ ಮೇಲೆ ಬೋರಿಹಣ್ಣು, ಕಬ್ಬಿನ ಹೋಳು, ಕುಸುರೆಳ್ಳು ಸುರಿದು ಕರಿ ಎರೆಯುತ್ತಾರೆ. ಆದರೆ ಅರಿಷಿಣ ಕುಂಕುಮ ಹಚ್ಚಿ ಉಡಿ ತುಂಬುವ ಹೊತ್ತಿಗೆ ಗಂಡ ಸತ್ತ ಹೆಣ್ಣುಮಗಳು ಅಡುಗೆಮನೆಯ ಕಡೆ ಸರಿಯುತ್ತಾಳೆ. ಕುಸುರೆಳ್ಳಿಗೆ ಕೈಯಾಡಿಸಿದವಳು ಅವಳೇ ಆಗಿದ್ದರೂ ಅಷ್ಟೇ. ಐದು ಬಗೆಯ ಸೂತಕಗಳನ್ನು ಒಪ್ಪದ, ಗಂಡನಿದ್ದವಳಿಗೂ ಇಲ್ಲದವಳಿಗೂ ಒಂದೇ ಲಿಂಗ ಕಟ್ಟಿದ ಧರ್ಮದ ಮನೆಗಳಲ್ಲೂ ಇದು ನಡೆಯುತ್ತದೆ. ಇದನ್ನು ತಿದ್ದಲು ಹಬ್ಬವನ್ನು ಲೌಕಿಕ ಮಾಡಬೇಕಿಲ್ಲ, ತಮ್ಮ ಧರ್ಮವನ್ನು ಪಾಲಿಸಿದರೆ ಸಾಕು. ಹೊಳೆಯ ದಂಡೆಯಲ್ಲೂ ಯಾರ ಬುತ್ತಿಯ ರೊಟ್ಟಿಯನ್ನು ಯಾರು ಕೈನೀಡಿ ತೆಗೆದುಕೊಳ್ಳುತ್ತಾರೆ, ಯಾರದನ್ನು ತೆಗೆದುಕೊಳ್ಳುವುದಿಲ್ಲ ಎಂಬುದನ್ನು ಗಮನಿಸಿದವರಿಗೆ ಜಾತಿ ಎಲ್ಲೆಲ್ಲಿ ಉಳಿದಿದೆ ಎಂದು ಬೇರೆ ಹೇಳಬೇಕಿಲ್ಲ. ಮೊಹರಂನಲ್ಲಿ ಒಂದೂ ಮುಸ್ಲಿಂ ಮನೆಯಿಲ್ಲದ ಊರುಗಳಲ್ಲಿ ಅಲಾಯಿ ದೇವರನ್ನು ಕೂಡಿಸುವ ಜನ ನಾವು. ರೊಟ್ಟಿಯ ವಿಷಯದಲ್ಲಿ ಅಷ್ಟು ದೊಡ್ಡ ಮನಸ್ಸು ಇನ್ನೂ ಎಲ್ಲ ಕಡೆ ಬಂದಿಲ್ಲ.

ಮತ್ತೆ ರಜೆಯ ಪ್ರಶ್ನೆ. ಸಂಕ್ರಾಂತಿಯ ಸಾರ್ವತ್ರಿಕ ರಜೆ ಘೋಷಣೆಯಾಗುವುದು 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯಡಿ, ಅಂದರೆ ಹುಂಡಿ, ಚೆಕ್ಕುಗಳ ಕಾನೂನಿನಡಿ. ಬ್ಯಾಂಕು, ಕಚೇರಿ, ಶಾಲೆಗಳು ಮುಚ್ಚುತ್ತವೆ. ಇಳಕಲ್ಲಿನ, ಗುಳೇದಗುಡ್ಡದ ಮಗ್ಗಗಳಿಗೆ ಅದು ಅನ್ವಯಿಸುವುದಿಲ್ಲ. ನೇಕಾರನಿಗೆ ಕೂಲಿ ಸೀರೆಯ ಲೆಕ್ಕ, ಖಣದ ಲೆಕ್ಕ. ಮಗ್ಗ ನಿಂತ ದಿನ ಕೂಲಿಯೂ ನಿಂತಂತೆ. ಕಾರ್ಖಾನೆಗಳಿಗೆ 1963ರ ಕರ್ನಾಟಕ ಕೈಗಾರಿಕಾ ಸಂಸ್ಥೆಗಳ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆ ಇದೆ. ಗಣರಾಜ್ಯೋತ್ಸವ, ಮೇ ದಿನ, ಸ್ವಾತಂತ್ರ್ಯ ದಿನ, ಗಾಂಧಿ ಜಯಂತಿ, ರಾಜ್ಯೋತ್ಸವದ ಜೊತೆಗೆ ಐದು ಹಬ್ಬದ ರಜೆ ಸಂಬಳ ಸಮೇತ ಸಿಗಬೇಕು, ಯಾವ ಹಬ್ಬಗಳು ಎಂಬುದನ್ನು ಮಾಲೀಕರು ಕಾರ್ಮಿಕರನ್ನು ಕೇಳಿ ಗೊತ್ತು ಮಾಡಬೇಕು. ಹಬ್ಬದ ಅರ್ಥವನ್ನು ಕೆಣಕದೆ ಹಬ್ಬಕ್ಕೆ ಮರ್ಯಾದೆ ಕೊಡುವ ಒಳ್ಳೆಯ ಕಾನೂನು ಅದು. ಆದರೆ ಮುಧೋಳ, ಜಮಖಂಡಿ, ಬೀಳಗಿ ಕಡೆಯ ಸಕ್ಕರೆ ಕಾರ್ಖಾನೆಗಳು ಜನವರಿಯಲ್ಲಿ ಹಗಲು ರಾತ್ರಿ ಕಬ್ಬು ನುರಿಸುತ್ತಿರುತ್ತವೆ, ಅವುಗಳಿಗೆ ಕಬ್ಬು ಕಡಿದು ಕೊಡುವ ಗ್ಯಾಂಗುಗಳ ಹೆಸರು ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಇರುವುದಿಲ್ಲ. ಮುಂಗಡ ಪಡೆದು, ಟನ್ನಿನ ಲೆಕ್ಕದಲ್ಲಿ ಕಡಿಯಲು ಗುಡಿಸಲು ಹಾಕಿಕೊಂಡ ಗಂಡ–ಹೆಂಡತಿ–ಮಕ್ಕಳು ಅವರು. ಸಂಕ್ರಮಣದಂದು ನಮ್ಮ ಮಕ್ಕಳ ಕೈಯಲ್ಲಿರುವ ಕಬ್ಬಿನ ಹೋಳನ್ನು ಕಡಿದವರು ಅವತ್ತೂ ಕಡಿಯುತ್ತಿರುತ್ತಾರೆ.

ಕೂಡಲಸಂಗಮಕ್ಕೆ, ಘಟಪ್ರಭೆ ಕೃಷ್ಣೆಯನ್ನು ಸೇರುವ ಚಿಕ್ಕಸಂಗಮಕ್ಕೆ ಆ ಕಬ್ಬಿನ ಹೊಲಗಳಿಂದ ಬಹಳ ದೂರವೇನಿಲ್ಲ. ಗ್ಯಾಂಗಿನವರಿಗೆ ಸಂಕ್ರಮಣದ ಒಂದು ದಿನದ ಬಿಡುವು, ಆ ದಿನದ ಸರಾಸರಿ ಕೂಲಿ, ಹೊಳೆಗೆ ಹೋಗಿಬರಲು ಒಂದು ಟ್ರ್ಯಾಕ್ಟರ್, ಇಷ್ಟನ್ನು ಕಟಾವಿನ ಒಪ್ಪಂದದಲ್ಲಿ ಬರೆಸಬಹುದು. ಅವರಲ್ಲಿ ಮುಳುಗುವವರು ಮುಳುಗಲಿ, ಬುತ್ತಿ ಬಿಚ್ಚುವವರು ಬಿಚ್ಚಲಿ, ಮಲಗುವವರು ಮಲಗಲಿ. ಮುಂದಿನ ಹಂಗಾಮಿನ ಮುಂಗಡ ಕೊಡುವುದು ಮಳೆಗಾಲದಲ್ಲಿ. ಬಸವಣ್ಣನವರ ಹೆಸರಲ್ಲಿ ಮೇಳ ನಡೆಸುವವರು, ರೈತ ಸಂಘದವರು, ಕಾರ್ಖಾನೆಯ ಆಡಳಿತ ಮಂಡಳಿಯಲ್ಲಿ ಕೂತ ಕಬ್ಬು ಬೆಳೆಗಾರರು, ಕಾರ್ಮಿಕ ಇಲಾಖೆಯವರು ಈ ಬೇಡಿಕೆಯನ್ನು ಅಷ್ಟರೊಳಗೆ ಮಂಡಿಸಬೇಕು.